ಮಲೆನಾಡಿನ ಮನೆಗೆ ಗೇಮಿಂಗ್ ಕಂಪ್ಯೂಟರ್: ಲೆಕ್ಕ ಗೋಡೆಯ ಸಾಕೆಟ್‌ನಿಂದ ಶುರುವಾಗಲಿ

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ. ಮನೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಸಮೀಪದ ಹಳ್ಳಿಯಲ್ಲಿದೆ. ಅಡಿಕೆ ಮಾರಿದ ಹಣದಲ್ಲಿ ಅಪ್ಪ 65 ಸಾವಿರ ರೂಪಾಯಿ ಕೊಡಲು ಒಪ್ಪಿದ್ದಾರೆ. ಮಾನಿಟರ್ ಕೂಡ ಅದರಲ್ಲೇ ಆಗಬೇಕು. ವ್ಯಾಲರಂಟ್ ಮತ್ತು ಜಿಟಿಎ 5 ಆಡುವ ಆಸೆ, ಪ್ರೋಗ್ರಾಮಿಂಗ್ ಕೆಲಸವೂ ನಡೆಯಬೇಕು. ಶಿವಮೊಗ್ಗದಲ್ಲಿ ಎರಡು ಕೊಟೇಷನ್ ಸಿಕ್ಕಿವೆ. ಒಂದರಲ್ಲಿ ಕೋರ್ ಐ7 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 16 ಜಿಬಿ ರ್ಯಾಮ್, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್ ಇವೆ, ಬೆಲೆಯೂ ಕಡಿಮೆ. ಇನ್ನೊಂದರಲ್ಲಿ ರೈಜನ್ 5 5600ಜಿ, 16 ಜಿಬಿಯ ಒಂದೇ ರ್ಯಾಮ್, 500 ಜಿಬಿ ಎಸ್‌ಎಸ್‌ಡಿ ಇವೆ, ಪವರ್ ಸಪ್ಲೈ ‘500 ವ್ಯಾಟ್’ ಎಂದಷ್ಟೇ ಬರೆದಿದ್ದಾರೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದು ಸರಿ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ. ಮನೆಯ ಇನ್ವರ್ಟರ್‌ಗೇ ಕಂಪ್ಯೂಟರ್ ಜೋಡಿಸಬಹುದೇ?

ಉತ್ತರ: ಮೊದಲ ಕೊಟೇಷನ್ ಬೇಡವೇ ಬೇಡ. ಎರಡನೆಯದನ್ನು ಬುನಾದಿಯಾಗಿ ಇಟ್ಟುಕೊಂಡು ಮೂರು ಕಡೆ ತಿದ್ದಿಸಿ: ಪವರ್ ಸಪ್ಲೈ, ರ್ಯಾಮ್, ಎಸ್‌ಎಸ್‌ಡಿ. ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ಸುಗ್ಗಿಯ ಹಣಕ್ಕೆ ಬಿಡಿ. ಅದರಿಂದ ಉಳಿಯುವ ಹಣದಲ್ಲಿ ಒಂದು ಪಾಲು ಯುಪಿಎಸ್‌ಗೂ ಮನೆಯ ಅರ್ತಿಂಗ್‌ಗೂ ಹೋಗಲಿ. ಗೇಮ್ ಆಡಲು ಕಂಪ್ಯೂಟರ್ ಕೇಳಿದವರಿಗೆ ಗ್ರಾಫಿಕ್ಸ್ ಕಾರ್ಡ್ ಆಮೇಲೆ ಎನ್ನುವುದು ವಿಚಿತ್ರವಾಗಿ ಕಾಣಬಹುದು. ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ‘ಐ7’ ಮೋಹವನ್ನು ಬಿಡಿಸುತ್ತೇನೆ. ಕೊಟೇಷನ್‌ನಲ್ಲಿ ನಿಜವನ್ನು ಹೇಳುವ ಪದ ಪ್ರೊಸೆಸರ್‌ನ ಹೆಸರಲ್ಲ, ಎಚ್61 ಎಂಬ ಮದರ್‌ಬೋರ್ಡ್‌ನ ಹೆಸರು. ಆ ಬೋರ್ಡಿಗೆ ಕೂರುವುದು ಇಂಟೆಲ್‌ನ ಎರಡನೇ ಅಥವಾ ಮೂರನೇ ತಲೆಮಾರಿನ ಚಿಪ್ ಮಾತ್ರ, ಎಂದರೆ 2011–12ರ ಸರಕು. ಮೂರನೇ ತಲೆಮಾರಿನ ಐ7-3770ರಲ್ಲಿ ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲು) ಇವೆ. 2022ರಲ್ಲಿ ಬಂದ ಅಗ್ಗದ ಐ3-12100ಎಫ್‌ನಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್ ಇವೆ. ಆದರೆ ಪ್ರತಿ ಕೋರ್ ಮಾಡುವ ಕೆಲಸ ಎಷ್ಟೋ ಪಾಲು ಹೆಚ್ಚು. ಹೆಸರಿನ 3, 5, 7 ಅಂಕಿಗಳು ಒಂದೇ ತಲೆಮಾರಿನೊಳಗೆ ಹೋಲಿಸಲು ಇರುವಂಥವು. ಹತ್ತು ವರ್ಷದ ಅಂತರದಲ್ಲಿ ಅವಕ್ಕೆ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್‌ನ ಕಾವಲು ತಂತ್ರಾಂಶವಾದ ವ್ಯಾನ್‌ಗಾರ್ಡ್ ಕೂಡ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗ ನಂಬಬಹುದಾದ ತಂತ್ರಾಂಶವನ್ನಷ್ಟೇ ಓಡಲು ಬಿಡುವ ವ್ಯವಸ್ಥೆ) ಇಲ್ಲದೆ ಆಟ ತೆರೆಯಲು ಬಿಡುವುದಿಲ್ಲ. ಹೀಗಾಗಿ ನೀವು ಯಾವ ಆಟಕ್ಕಾಗಿ ಕಂಪ್ಯೂಟರ್ ಕೊಳ್ಳುತ್ತಿದ್ದೀರೋ ಅದಕ್ಕೇ ಈ ಯಂತ್ರದಲ್ಲಿ ಭವಿಷ್ಯವಿಲ್ಲ.

ಇನ್ನು ಆ 4 ಜಿಬಿ ಕಾರ್ಡ್. ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನು ಜಿಬಿಯಲ್ಲಿ ಅಳೆಯುವುದು ಅಂಗಡಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಜಿಬಿ ಹೇಳುವುದು ಮೆಮೊರಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ಮಾತ್ರ. ಅಲ್ಲಿಂದ ಎಷ್ಟು ವೇಗವಾಗಿ ತೆಗೆಯಬಹುದು, ತೆಗೆದದ್ದನ್ನು ಎಷ್ಟು ವೇಗವಾಗಿ ಸಂಸ್ಕರಿಸಬಹುದು ಎಂಬುದನ್ನಲ್ಲ. 2014ರ ಜಿಟಿ 730ರ 64 ಬಿಟ್ ಡಿಡಿಆರ್3 ಮಾದರಿ ಸೆಕೆಂಡಿಗೆ 14.4 ಜಿಬಿ ದತ್ತಾಂಶ ಸಾಗಿಸುತ್ತದೆ. 2021ರಲ್ಲಿ ಬಂದ ಆರ್‌ಎಕ್ಸ್ 6600 ಸಾಗಿಸುವುದು 224 ಜಿಬಿ. 5600ಜಿ ಪ್ರೊಸೆಸರ್‌ನ ಒಳಗೇ ಇರುವ ವೇಗಾ ಗ್ರಾಫಿಕ್ಸ್ ಕೂಡ, ರ್ಯಾಮ್ ಸರಿಯಾಗಿ ಹಾಕಿದರೆ, ಜಿಟಿ 730ನ್ನು ಸುಲಭವಾಗಿ ಹಿಂದಿಕ್ಕುತ್ತದೆ.

‘ರ್ಯಾಮ್ ಸರಿಯಾಗಿ ಹಾಕಿದರೆ’ ಎಂದೆನಲ್ಲ, ಎರಡನೇ ಕೊಟೇಷನ್‌ನ ದೋಷ ಅಲ್ಲೇ ಇದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ್ಯಾಮ್‌ನಿಂದಲೇ ಕಡ ಪಡೆಯಬೇಕು. ಡಿಡಿಆರ್4-3200 ರ್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡನ್ನು ಜೋಡಿಯಾಗಿ ಹಾಕಿದರೆ 51.2 ಜಿಬಿ. ಒಂದು 16ರ ಬದಲು ಎರಡು 8 ಜಿಬಿ ಹಾಕಿಸಿದರೆ ಒಟ್ಟು ಅಷ್ಟೇ ಇರುತ್ತದೆ, ಆಟದಲ್ಲಿನ ವ್ಯತ್ಯಾಸ ಮಾತ್ರ ಕಣ್ಣಿಗೆ ಕಾಣುವಷ್ಟು. ನಾಲ್ಕು ಸ್ಲಾಟ್ ಇರುವ ಬೋರ್ಡ್ ಸಿಕ್ಕರೆ ಮುಂದೆ ಹೆಚ್ಚಿಸಿಕೊಳ್ಳುವ ದಾರಿಯೂ ಉಳಿಯುತ್ತದೆ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರ ಪರಿಣಾಮ ಇದು. ಹಳೆಯ ವಿಡಿಯೊಗಳಲ್ಲಿ ಹೇಳಿದ ರ್ಯಾಮ್ ದರವನ್ನು ನಂಬಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬೇಡಿ. ಹೊಸ ಬಗೆಯ ಡಿಡಿಆರ್5 ರ್ಯಾಮ್ ಮಾತ್ರ ಒಪ್ಪುವ, ಎಎಂಡಿಯ ಹೊಸ ಪ್ರೊಸೆಸರ್‌ಗಳ ಎಎಂ5 ಬೋರ್ಡ್ ಕಡೆಗೆ ನಿಮ್ಮ ಬಜೆಟ್‌ನಲ್ಲಿ ನಾನು ಬೆರಳು ತೋರಿಸದಿರುವುದೂ ಇದೇ ಕಾರಣಕ್ಕೆ.

ಈಗ ಅಸಲು ವಿಷಯ. ಬಜೆಟ್ ಕಂಪ್ಯೂಟರ್ ಬಗ್ಗೆ ಬರುವ ಸಲಹೆಗಳೆಲ್ಲ ಗೋಡೆಯಲ್ಲಿ ಅಚ್ಚುಕಟ್ಟಾದ 230 ವೋಲ್ಟ್ ಬರುತ್ತದೆ ಎಂದೇ ಭಾವಿಸಿ ಬರೆದಂಥವು. ಆ ಸಲಹೆಗಳ ಪ್ರಕಾರ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಉಳಿದದ್ದರಲ್ಲಿ ಇನ್ನೆಲ್ಲ. ನಗರದ ಅಪಾರ್ಟ್‌ಮೆಂಟ್‌ಗೆ ಅದು ಸರಿ. ನಿಮ್ಮೂರಿನಲ್ಲಿ ವಿದ್ಯುತ್ ತಂತಿ ಕಾಡಿನ ನಡುವೆ, ತೋಟದ ಮೇಲೆ ಹಾದು ಬರುತ್ತದೆ. ಜೂನ್‌ನಲ್ಲಿ ಗಾಳಿಮಳೆಗೆ ಮರ ಬಿದ್ದರೆ ತಂತಿ ಹರಿಯುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಲು ಸಾಲಾಗಿ ಪಂಪ್‌ಸೆಟ್ ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ಇವೆರಡಕ್ಕಿಂತ ಅಪಾಯಕಾರಿಯಾದದ್ದು ಟ್ರಾನ್ಸ್‌ಫಾರ್ಮರ್ ಅಥವಾ ಕಂಬದಲ್ಲಿ ನ್ಯೂಟ್ರಲ್ ತಂತಿ ಸಡಿಲವಾಗುವುದು. ಆಗ ಸಿಂಗಲ್ ಫೇಸ್ ಮನೆಗೆ ಬರುವ ವೋಲ್ಟೇಜ್ 230ರಿಂದ 400ರ ಕಡೆಗೆ ಏರಬಹುದು. ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಎಕ್ಸ್‌ಟೆನ್ಷನ್ ಬೋರ್ಡ್‌ಗಳು ಕ್ಷಣಾರ್ಧದ ಏರಿಕೆಯನ್ನು ತಡೆಯುತ್ತವೆಯೇ ಹೊರತು ಹೀಗೆ ನಿಮಿಷಗಟ್ಟಲೆ ನಿಲ್ಲುವ ಏರಿಕೆಯನ್ನಲ್ಲ.

ಆದ್ದರಿಂದ ನೀವು ಬಿಡಿಭಾಗಗಳನ್ನು ಗೋಡೆಯಿಂದ ಒಳಕ್ಕೆ ಆರಿಸುತ್ತ ಬನ್ನಿ. ಮೊದಲು ಅರ್ತಿಂಗ್, ನಂತರ ಯುಪಿಎಸ್, ನಂತರ ಪವರ್ ಸಪ್ಲೈ, ಆಮೇಲೆ ಉಳಿದದ್ದು.

ಅರ್ತಿಂಗ್ ಪರೀಕ್ಷೆ ಮಲ್ಟಿಮೀಟರ್ ಇದ್ದವರಿಗೆ ಐದು ನಿಮಿಷದ ಕೆಲಸ. ಎಚ್ಚರಿಕೆ ಬೇಕಾದ ಕೆಲಸವಾದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಇದೆಯೋ ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಅರ್ತ್ ಇಲ್ಲದ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ಕಂಪ್ಯೂಟರ್ ಹಾಳಾಗಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಏನೂ ಸಿಗುವುದಿಲ್ಲ. ನಡೆಯುವುದು ಇಷ್ಟು: ಪವರ್ ಸಪ್ಲೈ ಒಳಗಿನ ಶೋಧಕದಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತದೆ. ಅರ್ತ್ ಇದ್ದರೆ ಆ ಸೋರಿಕೆ ಮಣ್ಣಿಗೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಅರ್ಧ ವೋಲ್ಟೇಜ್‌ನಲ್ಲಿ ತೇಲುತ್ತದೆ. ಪ್ರವಾಹ ತೀರ ಕಡಿಮೆಯಾದ್ದರಿಂದ ಜೀವಕ್ಕೆ ತೊಂದರೆ ಇಲ್ಲ. ಆದರೆ ಅದೇ ಮನೆಯಲ್ಲಿ ನಿಜವಾದ ಸೋರಿಕೆ ಆದ ದಿನ ಕಾಪಾಡಲು ಅರ್ತ್ ಇರುವುದಿಲ್ಲ ಎಂಬುದನ್ನು ಆ ಜುಮ್ಮು ತಿಳಿಸುತ್ತಿದೆ. ಇದ್ದಿಲು, ಉಪ್ಪು ಹಾಕಿದ ಅರ್ತಿಂಗ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿ, ಜಂಬಿಟ್ಟಿಗೆ ಮಣ್ಣು ಒಣಗಿದ ಏಪ್ರಿಲ್‌ನಲ್ಲಿ ಸೋಲಬಹುದು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಿ. ಮನೆಗೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅಪ್ಪನಿಗೆ ಹೇಳಿ ಹಾಕಿಸಿ. ಅದು ಕಂಪ್ಯೂಟರ್ ಖರ್ಚಲ್ಲ, ಮನೆಯವರೆಲ್ಲರ ಜೀವದ ಖರ್ಚು.

ಸಿಡಿಲಿನ ಬಗ್ಗೆ ಸ್ಪಷ್ಟವಾಗಿರಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲೂ ಅಕ್ಟೋಬರ್‌ನ ಹಿಂಗಾರಿನಲ್ಲೂ ಪ್ಲಗ್ ಕಿತ್ತಿಡುವುದೇ ರಕ್ಷಣೆ. ಸ್ವಿಚ್ ಆರಿಸಿದರೆ ಸಾಲದು. ಜೊತೆಗೆ ಇಂಟರ್ನೆಟ್ ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ ಕೂಡ ಬಿಚ್ಚಿಡಿ. ಫೈಬರ್‌ನ ಗಾಜು ವಿದ್ಯುತ್ ಸಾಗಿಸುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೆಲವು ಫೈಬರ್ ಕೇಬಲ್‌ಗಳಲ್ಲಿ ಆಧಾರಕ್ಕಾಗಿ ಉಕ್ಕಿನ ತಂತಿ ಇರುತ್ತದೆ, ರೂಟರ್‌ನ ಅಡಾಪ್ಟರ್ ಅಂತೂ ಗೋಡೆಗೇ ಸಿಕ್ಕಿಕೊಂಡಿರುತ್ತದೆ. ಸಿಡಿಲು ಆ ದಾರಿಯಲ್ಲಿ ಬಂದು ಮದರ್‌ಬೋರ್ಡ್‌ನ ನೆಟ್‌ವರ್ಕ್ ಚಿಪ್ ಸುಡುವುದುಂಟು.

ನಿಮ್ಮ ಇನ್ವರ್ಟರ್ ಪ್ರಶ್ನೆಗೆ ಉತ್ತರ ಇನ್ವರ್ಟರ್ ಯಾವುದು ಎಂಬುದರ ಮೇಲೆ ನಿಂತಿದೆ. ಸ್ಕ್ವೇರ್ ವೇವ್ ಆಗಿದ್ದರೆ ಜೋಡಿಸಲೇಬೇಡಿ. ಗೋಡೆಯ ಕರೆಂಟಿನಂಥ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್ ಆಗಿದ್ದು, ಹಿಂಬದಿಯಲ್ಲಿ ಯುಪಿಎಸ್ ಮೋಡ್‌ನ ಗುಂಡಿ ಇದ್ದರೆ ಜೋಡಿಸಬಹುದು, ಆ ಮೋಡ್‌ನಲ್ಲೇ ಇಟ್ಟು. ಕರೆಂಟ್ ಹೋದ ಮೇಲೆ ಕಂಪ್ಯೂಟರ್‌ನ ಪವರ್ ಸಪ್ಲೈ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಪೂರ್ಣ ಹೊರೆಯನ್ನು ಹೊರಬಲ್ಲದ್ದು ಸುಮಾರು 16–17 ಮಿಲಿಸೆಕೆಂಡ್. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಬದಲಾಗುತ್ತದೆ, ಇನ್ನೊಂದು ಮೋಡ್‌ನಲ್ಲಿ ಅದಕ್ಕಿಂತ ಬಹಳ ನಿಧಾನ. ಪರದೆ ಆರಿ ಕಂಪ್ಯೂಟರ್ ಮತ್ತೆ ಶುರುವಾಗುವುದು ಅದಕ್ಕೇ. ಹಾಗಿದ್ದರೂ ನನ್ನ ಒಲವು ಪ್ರತ್ಯೇಕ ಯುಪಿಎಸ್ ಕಡೆಗೆ. 12 ವೋಲ್ಟ್, 150 ಆಂಪ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿ 300 ವ್ಯಾಟ್ ಎಳೆಯತೊಡಗಿದರೆ ಒಂದು ಸಂಜೆಯ ಆಟ ಮನೆಯ ದೀಪ, ಫ್ಯಾನ್‌ಗಳ ಪಾಲನ್ನು ನುಂಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬಾರದಿದ್ದರೆ ಅದರ ಬೆಲೆ ಮನೆಯವರಿಗೆ ಗೊತ್ತಾಗುತ್ತದೆ. ಅಸೈನ್‌ಮೆಂಟ್ ಮುಗಿಸಲು ಇನ್ವರ್ಟರ್ ಬಳಸಿ, ಆಟಕ್ಕೆ ಬೇಡ.

ಯುಪಿಎಸ್‌ನ ಮೇಲಿನ ‘ವಿಎ’ ಅಂಕಿ ವ್ಯಾಟ್ ಅಲ್ಲ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಇಂದಿನ ನಿಮ್ಮ ಯಂತ್ರಕ್ಕೆ ಅದು ಧಾರಾಳ. ಮುಂದೆ ಕಾರ್ಡ್ ಬಂದ ಮೇಲೆ, ಬ್ಯಾಟರಿ ಹಳತಾದ ಮೇಲೆ ಅಂಚಿನಲ್ಲಿ ನಿಂತು ಆಟದ ನಡುವೆ ಕೈಕೊಡುತ್ತದೆ. 1000 ವಿಎ ಆಸುಪಾಸಿನ, ಲೈನ್ ಇಂಟರ್ಯಾಕ್ಟಿವ್ ಮಾದರಿಯನ್ನು ಈಗಲೇ ತೆಗೆದುಕೊಳ್ಳಿ. ಅದರೊಳಗಿನ ಎವಿಆರ್ ಇಳಿದ ವೋಲ್ಟೇಜನ್ನು ಬ್ಯಾಟರಿ ಮುಟ್ಟದೆ ಎತ್ತಿ ಕೊಡುತ್ತದೆ. ಪಂಪ್‌ಸೆಟ್ ಹೊತ್ತಿನಲ್ಲಿ ನಿಮಗೆ ಬೇಕಾದದ್ದು ಅದೇ. ಇದನ್ನು ಮಾತ್ರ ಶಿವಮೊಗ್ಗದಲ್ಲೇ ಕೊಳ್ಳಿ. ಒಳಗಿನ ಸೀಸದ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಬೇಕು, ಅಷ್ಟು ಭಾರದ ಪೆಟ್ಟಿಗೆಯನ್ನು ಕೊರಿಯರ್‌ನಲ್ಲಿ ಅತ್ತಿತ್ತ ಕಳಿಸುವುದು ತ್ರಾಸ.

ಪವರ್ ಸಪ್ಲೈ ಆರಿಸುವಾಗ ಪೆಟ್ಟಿಗೆ ಮೇಲಿನ ದೊಡ್ಡ ಅಂಕಿಯನ್ನು ನಂಬದೆ ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಅಲ್ಲಿಂದಲೇ. ಅಲ್ಲಿ 45 ಆಂಪ್ ಇದ್ದರೆ 540 ವ್ಯಾಟ್; ‘500 ವ್ಯಾಟ್’ ಎಂಬ ಪೆಟ್ಟಿಗೆಯ ಮೇಲೆ 16 ಆಂಪ್ ಇದ್ದರೆ ಅದು 192 ವ್ಯಾಟ್‌ನ ಸರಕು. ಅದೇ ಪಟ್ಟಿಯಲ್ಲಿ ಒಳಬರುವ ವೋಲ್ಟೇಜ್ 100–240 ಎಂದಿರಲಿ, 200–240 ಎಂದು ಇರುವುದು ಬೇಡ. ವೋಲ್ಟೇಜ್ ಇಳಿದಾಗ ಪವರ್ ಸಪ್ಲೈ ಅದೇ ಶಕ್ತಿ ಕೊಡಲು ಹೆಚ್ಚು ಪ್ರವಾಹ ಎಳೆದುಕೊಳ್ಳಬೇಕು, ಒಳಗೆ ಹೆಚ್ಚು ಬಿಸಿಯಾಗಬೇಕು. ವಿಶಾಲ ವ್ಯಾಪ್ತಿಗೆಂದೇ ಮಾಡಿದವು ಅದನ್ನು ತಾಳುತ್ತವೆ. 80 ಪ್ಲಸ್ ಬ್ರಾಂಜ್ ಎಂಬ ದಕ್ಷತಾ ಪ್ರಮಾಣದ 550 ವ್ಯಾಟ್, ಆರು ಮತ್ತು ಎಂಟು ಪಿನ್‌ನ ಗ್ರಾಫಿಕ್ಸ್ ತಂತಿ, ಐದು ವರ್ಷದ ವಾರಂಟಿ: ಇಷ್ಟು ಕೇಳಿ, ಬಿಟ್ಟುಕೊಡಬೇಡಿ. ಇದಕ್ಕೆ ನಾಲ್ಕೈದು ಸಾವಿರ ತಗಲುತ್ತದೆ. ನಿಮ್ಮ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ಭಾಗ ಇದೇ ಆಗಬೇಕು.

ಈಗ ಆಟದ ಲೆಕ್ಕ. 5600ಜಿಯ ಒಳಗಿನ ಗ್ರಾಫಿಕ್ಸ್, ಜೋಡಿ ರ್ಯಾಮ್ ಇದ್ದಾಗ, ವ್ಯಾಲರಂಟನ್ನು 1080ಪಿಯಲ್ಲಿ ಕಡಿಮೆ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ನೂರು ಫ್ರೇಮ್ ದಾಟಿಸುತ್ತದೆ. ಹಳೆಯ ಜಿಟಿಎ 5 ಸಾಧಾರಣ ಸೆಟ್ಟಿಂಗ್‌ನಲ್ಲಿ ಅರವತ್ತರ ಆಸುಪಾಸು ಓಡುತ್ತದೆ. ನೀವು ಹೆಸರಿಸಿದ ಎರಡು ಆಟಗಳಿಗೆ ಇದು ಸಾಕು, ಮತ್ತು ಅದಕ್ಕಾಗಿಯೇ ಕಾರ್ಡನ್ನು ಮುಂದೂಡಿ ಎನ್ನುತ್ತಿದ್ದೇನೆ. ನೀವು ತೀರ ಹೊಸ ಆಟಗಳ ಪಟ್ಟಿ ಕೊಟ್ಟಿದ್ದರೆ ಈ ವರ್ಷ ಏನನ್ನೂ ಕೊಳ್ಳದೆ ಕಾಯಿರಿ ಎನ್ನುತ್ತಿದ್ದೆ.

ಕಾರ್ಡ್ ಕೊಳ್ಳುವ ದಿನ ಬಂದಾಗ 8 ಜಿಬಿಗಿಂತ ಕೆಳಗಿಳಿಯಬೇಡಿ. 5600ಜಿ ತನಗೂ ಕಾರ್ಡಿಗೂ ನಡುವೆ ಹಳೆಯ, ನಿಧಾನದ ಪಿಸಿಐಇ 3.0 ದಾರಿಯನ್ನಷ್ಟೇ ಕೊಡುತ್ತದೆ. ಆರ್‌ಎಕ್ಸ್ 6600 ಆ ದಾರಿಯ ಎಂಟು ಲೇನ್ (ಸಾಲು) ಬಳಸುವುದರಿಂದ ಅಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ನಾಲ್ಕೇ ಲೇನ್, 4 ಜಿಬಿ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬಹಳ ಸೊರಗುತ್ತದೆ. 6600ಕ್ಕೆ ಬೇಕಾದದ್ದು 132 ವ್ಯಾಟ್, ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್. ಎರಡನ್ನೂ ಮೇಲೆ ಹೇಳಿದ ಪವರ್ ಸಪ್ಲೈ, ಯುಪಿಎಸ್ ಸಲೀಸಾಗಿ ಹೊರುತ್ತವೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಎಂದಾದರೆ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸದೆ ಹಣ ಕೊಡಬೇಡಿ. ಹಿಂಬದಿಯ ತಗಡು, ಸ್ಕ್ರೂಗಳ ಮೇಲೆ ತುಕ್ಕು ಕಂಡರೆ ಅದು ತೇವದಲ್ಲಿ ಬಿದ್ದಿದ್ದ ಕಾರ್ಡ್ ಎಂದೇ ತಿಳಿಯಿರಿ.

ಎಸ್‌ಎಸ್‌ಡಿ 1 ಟಿಬಿಯ, ಎನ್‌ವಿಎಂಇ ಎಂಬ ವೇಗದ ಬಗೆಯದಿರಲಿ. ಜಿಟಿಎ 5 ಒಂದೇ ನೂರು ಜಿಬಿಗಿಂತ ಹೆಚ್ಚು ಜಾಗ ಕೇಳುತ್ತದೆ. ಜಾಗವಿಲ್ಲವೆಂದು ಅಳಿಸಿ ಮತ್ತೆ ಇಳಿಸಿಕೊಳ್ಳುವ ಐಷಾರಾಮ ಹಳ್ಳಿಯ ಇಂಟರ್ನೆಟ್‌ನಲ್ಲಿ ಇಲ್ಲ. ಮಾನಿಟರ್ 24 ಇಂಚು, 1080ಪಿ, ಐಪಿಎಸ್, 100 ಹರ್ಟ್ಸ್ ಸಾಕು. ಪ್ರೊಸೆಸರ್ ಜೊತೆಗೆ ಬರುವ ಕೂಲರ್ ಸಾಕು, ಲಿಕ್ವಿಡ್ ಕೂಲರ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಕ್ಯಾಬಿನೆಟ್‌ನಲ್ಲಿ ಬಣ್ಣದ ದೀಪಕ್ಕಿಂತ ಮುಂಭಾಗದ ಜಾಲರಿ, ಬಿಚ್ಚಿ ತೊಳೆಯಬಹುದಾದ ಧೂಳು ಶೋಧಕ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಜುಲೈನಲ್ಲಿ ಗೋಡೆ ಬೆವರುವುದು ನಿಮಗೇ ಗೊತ್ತು. ಓಡುತ್ತಿರುವ ಕಂಪ್ಯೂಟರ್ ಕೋಣೆಗಿಂತ ಬೆಚ್ಚಗಿರುವುದರಿಂದ ಅದರೊಳಗೆ ತೇವ ಕೂರುವುದಿಲ್ಲ. ವಾರಗಟ್ಟಲೆ ಆರಿಸಿಟ್ಟದ್ದೇ ಕೆಡುವುದು. ಪರೀಕ್ಷೆಯ ಕಾಲದಲ್ಲೂ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಮಾಡಿಡಿ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿ, ಅಡಿಕೆ ಬೇಯಿಸುವ ಒಲೆಯ ಹೊಗೆ ಬಾರದ ಕಡೆ ಇಡಿ. ಮಸಿ ಮತ್ತು ತೇವ ಸೇರಿದರೆ ಬೋರ್ಡಿನ ಮೇಲೆ ವಿದ್ಯುತ್ ಹರಿಯುವ ಪದರವೇ ಕಟ್ಟುತ್ತದೆ. ಹಿಂಬದಿಯಲ್ಲಿ ಖಾಲಿ ಸ್ಲಾಟ್‌ಗಳ ತಗಡು ತೆಗೆದಿದ್ದರೆ ಹಾಕಿಸಿಕೊಳ್ಳಿ, ಹಲ್ಲಿ, ಇರುವೆ ಒಳಗೆ ಸೇರುವುದು ಅಲ್ಲಿಂದಲೇ.

ಜೋಡಣೆ ಶಿವಮೊಗ್ಗದಲ್ಲೇ ಆಗಲಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೆರಡು ಸಾವಿರ ಉಳಿಯಬಹುದು, ಆದರೆ ಹೊಸ ಯಂತ್ರ ಮೊದಲ ತಿಂಗಳಲ್ಲಿ ತಕರಾರು ಮಾಡಿದರೆ ಹೊತ್ತು ತರಲು ಹತ್ತಿರದ ಅಂಗಡಿಯೇ ಬೇಕು. ಪ್ರತಿ ಭಾಗದ ಹೆಸರು, ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಕೇಳಿ; ‘ಅಸೆಂಬಲ್ಡ್ ಪಿಸಿ, 1’ ಎಂದು ಒಂದೇ ಸಾಲಿನ ಬಿಲ್ ವಾರಂಟಿ ಕೇಳಲು ಉಪಯೋಗವಿಲ್ಲ. ಹಣ ಕೊಡುವ ಮುನ್ನ ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಸೆಟ್ಟಿಂಗ್ ಪರದೆ) ಮೂರು ಸಂಗತಿ ನೋಡಿ: ರ್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಚಾಲೂ ಆಗಿ ರ್ಯಾಮ್ 3200ರಲ್ಲಿ ಓಡುತ್ತಿದೆಯೇ, ಟಿಪಿಎಂ ಚಾಲೂ ಇದೆಯೇ, ಸೆಕ್ಯೂರ್ ಬೂಟ್ ಚಾಲೂ ಇದೆಯೇ. ಎಕ್ಸ್‌ಎಂಪಿ ಮರೆತರೆ ರ್ಯಾಮ್ 2133 ಅಥವಾ 2400ರಲ್ಲೇ ಉಳಿದು, ನೀವು ಕೊಟ್ಟ ಹಣದ ಒಂದು ಭಾಗ ಕೆಲಸಕ್ಕೆ ಬರುವುದಿಲ್ಲ.

ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಮೂಲ ಥರ್ಮಾಕೋಲ್ ಸಮೇತ ಪೆಟ್ಟಿಗೆಯಲ್ಲಿಟ್ಟು, ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಯಂತ್ರವನ್ನು ಎಲ್ಲಿಗಾದರೂ ಸಾಗಿಸುವುದಿದ್ದರೆ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ಇಡಿ. ತಿರುವು, ಗುಂಡಿಗಳ ರಸ್ತೆಯಲ್ಲಿ ಅದರ ಭಾರಕ್ಕೆ ಸ್ಲಾಟ್ ಸೀಳುತ್ತದೆ.